ಉಗುರಿನಷ್ಟು ತುಣುಕಿಗೆ ಊಟ ಅಂತ ಯಾಕ ಅಂತಾರ?

ಪ್ರಶ್ನೆ: ಗೆಳತಿ ಕರದ್ಲು ಅಂತ ಒಂದ ಐತವಾರ ಚರ್ಚಿಗೆ ಹೋಗಿದ್ದೆ. ಪಾಸ್ಟರ್ ಅವರು "ಈಗ ಕರ್ತನ ರಾತ್ರಿಭೋಜನ" ಅಂದ್ರು, ನಾನು ಊಟ ಇರಬೇಕು ಅನ್ಕೊಂಡೆ. ನೋಡಿದ್ರ ಉಗುರಿನಷ್ಟು ಬ್ರೆಡ್, ಒಂದ ಗುಟುಕು ದ್ರಾಕ್ಷಾರಸ. ಅದೂ ಬೆಳಿಗ್ಗೆ ಹತ್ತೂವರಿಗೆ! ಇದಕ್ಕ ಭೋಜನ ಅಂತ ಯಾಕ ಅಂತಾರ್ರಿ, ಅದ್ರಾಗ ರಾತ್ರಿ ಯಾಕ ಬಂತು?
— ಓದುಗರು, ಗದಗ-ಬೆಟಗೇರಿ

ಉತ್ತರ: ಇದನ್ನ ಓದಿದ ಕೂಡ್ಲೆ ನನಗ ನಮ್ಮ ಅಜ್ಜಿ ನೆನಪಾದ್ಲು ನೋಡ್ರಿ. ಧಾರವಾಡದಾಗ ನಾವು ಸಣ್ಣಾವ್ರಿದ್ದಾಗ ತಿಂಗಳ ಮೊದಲನೇ ಐತವಾರ ಚರ್ಚಿನಾಗ ಈ ರಾತ್ರಿಭೋಜನದ ಸಂಸ್ಕಾರ ಇರ್ತಿತ್ತು, ಹಿಂದಿನ ದಿನ ಸಂಜಿಮುಂದ ಅಜ್ಜಿ ಕೈಕಾಲು ತೊಳಕೊಂಡು, ಬಿಳೇ ಅರಿವಿ ಹಾಸಿ, ಬ್ರೆಡ್ಡಿನ ಅಂಚೆಲ್ಲಾ ಕೊಯ್ದು ತಗದು ಸಣ್ಣ ಸಣ್ಣ ಚೌಕ ಮಾಡ್ತಿದ್ಲು, ಒಂದೂ ಮಾತಾಡ್ತಿರಲಿಲ್ಲ. ಕೊಯ್ದ ಅಂಚು ನಮಗ. ಅದನ್ನ ಸಕ್ರಿ ಹಚ್ಚಿ ತಿನಕೋತ ನಾನೂ ನಿಮ್ಮಂಗ ಕೇಳಿದ್ದೆ, ಇಷ್ಟಕ್ಕ ಹೊಟ್ಟಿ ತುಂಬ್ತೈತೇನಬೇ ಅಂತ.

ರಾತ್ರಿಭೋಜನ ಅಂತಾರಂದ್ರ ಅದು ಖರೇನ ರಾತ್ರಿ ಊಟ ಆಗಿತ್ತು, ಅದಕ್ಕ. ಯೇಸುನ್ನ ಹಿಡಿದು ಹಾಕೂ ಮುಂಚೆ ಅಂವ ಯೆರೂಸಲೇಮಿನಾಗ ಶಿಷ್ಯರ ಕೂಡ ಉಂಡ ಕಡೀ ಊಟ ಅದು. ಬೈಬಲ್ಲಿನಾಗ ಯೇಸುವಿನ ಕಥಿ ಬರದವ್ರೊಳಗ ಮತ್ತಾಯ, ಮಾರ್ಕ, ಲೂಕ ಮೂರೂ ಮಂದಿ ಅದು ಯಹೂದಿಗಳ ಪಸ್ಕ ಹಬ್ಬದ ಊಟ ಅಂತಾರ, ಯೋಹಾನ ಮಾತ್ರ ಹಬ್ಬಕ್ಕಿಂತ ಮೊದಲಿಂದು ಅಂತಾನ. ಯಾವುದಾದ್ರೂ ಯಹೂದಿ ಪದ್ಧತಿ ಊಟಾನ. ಮನಿ ಹಿರಿಯ ರೊಟ್ಟಿ ಹಿಡಿದು ದೇವರಿಗೆ ಸ್ತೋತ್ರ ಹೇಳಿ, ಮುರದು ಎಲ್ಲಾರಿಗೂ ಹಂಚಿದ್ರ ಊಟ ಚಾಲೂ ಆದಂಗ. ಯೇಸುವಿನ ಸಂದೇಶ ಸಾರಿದ ಪೌಲ ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರಿಗೆ ಬರದ ಪತ್ರದಾಗ ಸ್ಪಷ್ಟ ಐತಿ, ಯೇಸು ರೊಟ್ಟಿ ಮೊದಲು ಮುರದ, ದ್ರಾಕ್ಷಾರಸದ ಬಟ್ಟಲು ತಗೊಂಡಿದ್ದು ಊಟ ಆದ ಮ್ಯಾಲೆ. ಅಂದ್ರ ನಡುವ ಒಂದು ಪೂರ್ತಿ ಊಟ ಇತ್ತು. ಆಮ್ಯಾಲೆ ಆ ನಡುವಿನ ಊಟ ಜಾರಿಹೋತು, ರೊಟ್ಟಿ ಮತ್ತ ಬಟ್ಟಲು ಎರಡೂ ತುದಿ ಕೂಡಿಕೊಂಡು ಉಳದವು. ನಿಮ್ಮ ಕೈಗೆ ಬಂದಿದ್ದು ಆ ಎರಡು ತುದಿ.

ಯಾಕ ಜಾರ್ತು ಅನ್ನೂದಕ್ಕ ಆ ಪತ್ರಾನ ಓದಬೇಕು. ಸುಮಾರು 55ನೇ ಇಸ್ವಿ ಹೊತ್ತಿಂದು ಅದು. ಕೊರಿಂಥದಾಗ ಉಳ್ಳವ್ರು ಮೊದಲ ಬಂದು ತಮ್ಮ ಬುತ್ತಿ ತಾವು ಬಿಚ್ಚಿ ಉಣ್ಣಾಕ ಕುಂಡ್ರತಿದ್ರು, ಏನೂ ಇಲ್ಲದವ್ರು ಬರೂದ್ರಾಗ ಎಲ್ಲಾ ಖಾಲಿ. ಒಬ್ಬ ಹಸದು ಕುಂತಿರ್ತಾನ, ಇನ್ನೊಬ್ಬ ಕುಡದು ಅಮಲಿನಾಗ ಇರ್ತಾನ, ನೀವು ಉಣ್ಣೂದು ಕರ್ತನ ಭೋಜನ ಅಲ್ಲೇ ಅಲ್ಲ ಅಂತ ಪೌಲ ಬೈತಾನ. ಉಣ್ಣಾಕ ಕೂಡಿದಾಗ ಒಬ್ಬರಿಗೊಬ್ಬರು ಕಾಯ್ರಿ ಅಂತಾನ. ನಾನು ಈ ಮಾತನ್ನ ಭಾಳ ಗಂಭೀರ ತಗೋತೀನ್ರಿ. ಪ್ರಾರ್ಥನಿ ತಪ್ಪು ಹೇಳಿದ್ರು ಅಂತ ಅಲ್ಲ, ಪಾಠ ತಪ್ಪು ಓದಿದ್ರು ಅಂತ ಅಲ್ಲ, ಪಂಕ್ತಿ ಒಳಗ ಭೇದ ಮಾಡಿದ್ರು ಅನ್ನೂ ಕಾರಣಕ್ಕ ಅವರ ಆರಾಧನೆನ ಆರಾಧನೆ ಅಲ್ಲ ಅಂದ ಅಂವ.

ಮುಂದ ಮಂದಿ ಹೆಚ್ಚಾದ್ರು, ಅವರು ಕೂಡ್ತಿದ್ದ ಮನಿ ಸಾಲಲಿಲ್ಲ, ರೊಟ್ಟಿ-ಬಟ್ಟಲಿನ ವಿಧಿ ಬೆಳಿಗ್ಗೆಗೆ ಸರೀತು, ಊಟ ಬ್ಯಾರೆ ಆತು. 112ನೇ ಇಸ್ವಿ ಸುಮಾರು ಈಗಿನ ಟರ್ಕಿ ಕಡೆ ಇದ್ದ ರೋಮನ್ ಗವರ್ನರ್ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರದಾನ, ಈ ಕ್ರೈಸ್ತರು ಬೆಳಕು ಹರಿಯೂ ಮುಂಚೆ ಕೂಡಿ ಹಾಡತಾರ, ಆಮ್ಯಾಲೆ ಮತ್ತ ಕೂಡಿ ಉಣ್ತಾರ, ಊಟ ಏನೂ ವಿಶೇಷ ಇಲ್ಲ, ಸಾದಾನ ಅಂತ. 150ರ ಸುಮಾರು ರೋಮಿನಾಗ ಜಸ್ಟಿನ್ ಅನ್ನಾಂವ ಬರದಿದ್ದು ನನಗ ಭಾಳ ಇಷ್ಟ, ಬರಾಕ ಆಗದವ್ರ ಮನಿಗೆ ಸಭೆ ಸೇವಕರು ಆ ರೊಟ್ಟಿ ಒಯ್ದು ಕೊಟ್ಟು ಬರ್ತಿದ್ರಂತ. ರೊಟ್ಟಿ-ಬಟ್ಟಲಿಂದ ಬ್ಯಾರೆ ಆದ ಊಟಕ್ಕ ಅಗಾಪೆ ಅಂತಿದ್ರು, ನಮ್ಮ ಕನ್ನಡ ಬೈಬಲ್ಲಿನಾಗ ಪ್ರೇಮಭೋಜನ. ನಾಲ್ಕನೇ ಶತಮಾನದಾಗ ಲವೊದಿಕೀಯದಾಗ ಕೂಡಿದ ಧರ್ಮಸಭೆ ಚರ್ಚಿನ ಒಳಗ ಇದನ್ನ ಮಾಡಬ್ಯಾಡ್ರಿ ಅಂತ ನಿಷೇಧ ಹಾಕ್ತು. ಪೂರ್ತಿ ಸಾಯಲಿಲ್ಲ ಮತ್ತ, 1727ರಾಗ ಜರ್ಮನಿಯ ಹೆರ್ನ್‌ಹುಟ್ ಅನ್ನೂ ಊರಾಗ ಮೊರೇವಿಯನ್ ಅನ್ನೂ ಪ್ರೊಟೆಸ್ಟಂಟ್ ಪಂಗಡದವ್ರು ಮತ್ತ ಚಾಲೂ ಮಾಡಿದ್ರು, ಅವರಿಂದ ಮೆಥಡಿಸ್ಟ್ ಪಂಗಡಕ್ಕ ಬಂತು.

ನಮ್ಮ ಕಡೆ ಬಾಸೆಲ್ ಮಿಷನ್‌ನವ್ರು ಧಾರವಾಡಕ್ಕ 1837ರಾಗ, ಹುಬ್ಬಳ್ಳಿಗೆ 1839ರಾಗ ಬಂದ್ರು. ಜಾತಿ ವಿಷಯದಾಗ ಅವರು ಭಾಳ ಕಟ್ಟುನಿಟ್ಟು. ಒಬ್ಬರ ಮುಟ್ಟಿದ್ದು ಇನ್ನೊಬ್ಬರು ಉಣ್ಣದ ಕಾಲದಾಗ ಒಂದ ಬಟ್ಟಲಿಗೆ ಎಲ್ಲಾರೂ ಬಾಯಿ ಹಚ್ಚೂದು ಅಂದ್ರ ಏನು ಅಂತ ಸ್ವಲ್ಪ ವಿಚಾರ ಮಾಡ್ರಿ. ಗುಟುಕು ಸಣ್ಣದ ಇರಬಹುದು, ಆದ್ರ ಅದನ್ನ ನುಂಗಾಕ ಎಷ್ಟು ಧೈರ್ಯ ಬೇಕಾಗಿತ್ತು.

ಪ್ರಶ್ನೆ: ಯಹೂದಿಗಳ ಪೂಜೆ ಊಟದ ಟೇಬಲ್ ಮ್ಯಾಲೇನ ನಡೀತೈತಿ ಅಂತ ಕೇಳೀನಿ. ಖರೇನಾ?
— ಓದುಗರು, ಹಾವೇರಿ

ಉತ್ತರ: ಅರ್ಧ ಖರೆ. ಸಿನಗಾಗ್ ಅಂತ ಅವರ ಪ್ರಾರ್ಥನಾ ಮಂದಿರ ಐತಿ, ಅಲ್ಲಿ ಪ್ರಾರ್ಥನಿ, ಅವರ ಧರ್ಮಗ್ರಂಥ ತೋರಾ ಓದೂದು ಎಲ್ಲಾ ಐತಿ. ಆದ್ರ ಮನಿ ಊಟಾನೂ ಅಷ್ಟ ದೊಡ್ಡದು. ಯೆರೂಸಲೇಮಿನ ದೇವಾಲಯ ಇದ್ದಾಗ ಸಮಾಧಾನ ಯಜ್ಞ ಅಂತ ಮಾಡ್ತಿದ್ರು, ಅದರಾಗ ಒಂದು ಪಾಲು ಯಜ್ಞವೇದಿಗೆ, ಒಂದು ಪಾಲು ಯಾಜಕರಿಗೆ, ಉಳಿದಿದ್ದು ತಂದಾವ್ರು ಮನಿ ಮಂದಿ ಕೂಡ ಕುಂತು ಉಣ್ಣೂದು. ಕೃತಜ್ಞತಾ ಯಜ್ಞ ಆದ್ರ ಆವತ್ತ ಉಂಡು ಮುಗಸಬೇಕು, ಮರುದಿನಕ್ಕ ಇಡಂಗಿಲ್ಲ. ಅಷ್ಟು ಮಾಂಸ ಒಂದ ದಿನದಾಗ ಮುಗೀಬೇಕಂದ್ರ ಓಣಿ ಮಂದಿನ ಕರೀಲಾರದ ಹೆಂಗ ಆಗ್ತೈತಿ ಹೇಳ್ರಿ!

70ನೇ ಇಸ್ವಿಯಾಗ ರೋಮನ್ನರು ದೇವಾಲಯ ಕೆಡವಿದ್ರು. ಮೊದಲು ಯಜ್ಞವೇದಿ ಪಾಪ ಕಳೀತಿತ್ತು, ಈಗ ಮನಷ್ಯಾನ ಊಟದ ಮೇಜು ಕಳೀತೈತಿ ಅನ್ನೂ ಅರ್ಥದ ಮಾತು ಯಹೂದಿ ಗುರುಗಳ ಚರ್ಚೆ ಕೂಡಿಸಿಟ್ಟ ತಾಲ್ಮುದ್ ಗ್ರಂಥದಾಗ ಐತಿ. ಇವತ್ತಿಗೂ ಶುಕ್ರವಾರ ಸಂಜಿಗೆ ಸಬ್ಬತ್ತಿನ, ಅಂದ್ರ ವಾರದ ವಿಶ್ರಾಂತಿ ದಿನದ, ದೀಪ ಹಚ್ಚಿ, ದ್ರಾಕ್ಷಾರಸದ ಮ್ಯಾಲೆ ಆಶೀರ್ವಾದ ಹೇಳಿ, ರೊಟ್ಟಿ ಮುರದು ಉಪ್ಪು ಹಚ್ಚತಾರ, ಯಾಕಂದ್ರ ಯಜ್ಞಕ್ಕ ಉಪ್ಪು ಇರಲೇಬೇಕು ಅಂತ ನಿಯಮ ಇತ್ತು. ಎರಡು ರೊಟ್ಟಿ ಇಡ್ತಾರ, ಅಡವಿಯೊಳಗ ಪೂರ್ವಜರಿಗೆ ದೇವರು ಕೊಟ್ಟ ಮನ್ನಾ ಅನ್ನೂ ಆಹಾರ ಶುಕ್ರವಾರ ಎರಡು ಪಾಲು ಬೀಳ್ತಿತ್ತು ಅನ್ನೂ ನೆನಪಿಗೆ. ರಸದ ಆಶೀರ್ವಾದ ಮುಗಿಯೂ ತನಕಾ ರೊಟ್ಟಿ ಮ್ಯಾಲೆ ಅರಿವಿ ಮುಚ್ಚಿರ್ತಾರ. ಯಾಕ ಅಂದ್ರ, ತನ್ನ ಬಿಟ್ಟು ರಸಕ್ಕ ಮೊದಲ ಮಾನ ಕೊಟ್ರು ಅಂತ ರೊಟ್ಟಿಗೆ ಅವಮಾನ ಆಗಬಾರದಂತ! ರೊಟ್ಟಿ ಮನಸ್ಸೂ ನೋಯಬಾರದು ಅಂತ ಕಲಿತ ಮನಿ ಮಕ್ಕಳು ಮನಷ್ಯಾನ ಮನಸ್ಸು ಹೆಂಗ ನೋಡ್ಕೋಬೇಕು ಅನ್ನೂದನ್ನ ಅಲ್ಲೇ ಕಲೀತಾರ.

ಪಸ್ಕದ ರಾತ್ರಿದಂತೂ ಇಡೀ ಆರಾಧನೆನ ಊಟ. ಅದಕ್ಕ ಸೇಡರ್ ಅಂತಾರ. ಮನಿಯಾಗ ಎಲ್ಲಾರಕಿಂತ ಸಣ್ಣ ಕೂಸು ಕೇಳಬೇಕು, ಈ ರಾತ್ರಿ ಬ್ಯಾರೆ ರಾತ್ರಿಗಳಂಗ ಯಾಕಿಲ್ಲ ಅಂತ. ಆ ಪ್ರಶ್ನೆಗೆ ಉತ್ತರಾನ ಐಗುಪ್ತದ, ಅಂದ್ರ ಈಜಿಪ್ಟಿನ, ಗುಲಾಮಗಿರಿಯಿಂದ ಬಿಡುಗಡೆ ಆದ ಕಥಿ. ಹುಳಿ ಇಲ್ಲದ ರೊಟ್ಟಿ ಮತ್ಸಾ, ಅದರ ಹಿಟ್ಟಿಗೆ ನೀರು ಬಿದ್ದು 18 ನಿಮಿಷದೊಳಗ ಬೇಯಬೇಕು. ಕಹಿ ಸೊಪ್ಪು ಗುಲಾಮಗಿರಿಯ ಕಹಿ. ಅದರ ಜೋಡಿ ಹರೋಸೆತ್ ಅಂತ ಇಡ್ತಾರ, ಸೇಬು ಇಲ್ಲಾ ಖರ್ಜೂರ, ಅಕ್ರೋಟ, ದಾಲ್ಚಿನ್ನಿ, ದ್ರಾಕ್ಷಾರಸ ಕೂಡಿಸಿ ಅರದಿದ್ದು, ಗುಲಾಮರಾಗಿ ಇಟ್ಟಂಗಿ ಕಟ್ಟೂ ಗಾರೆ ನೆನಪಿಗೆ. ಇದನ್ನ ಮೊದಲನೇ ಸಲ ಓದಿದಾಗ ನನಗ ನಮ್ಮ ಯುಗಾದಿ ಬೇವು ಕಣ್ಣಮುಂದ ಬಂತು, ಪುಠಾಣಿ ಹಿಟ್ಟು, ಬೆಲ್ಲ, ಉತ್ತತ್ತಿ, ಮ್ಯಾಲೆ ತೇಲೂ ಬೇವಿನ ಹೂವು. ಅರ್ಥ ಬ್ಯಾರೆ ಬ್ಯಾರೆ, ಆದ್ರ ಹೇಳೂ ಮಾತನ್ನ ನಾಲಿಗೆ ಮ್ಯಾಲೆ ಇಡೂದು ಎರಡೂ ಕಡೆ ಒಂದ. ಐಗುಪ್ತದ ಮ್ಯಾಲೆ ದೇವರು ತಂದ ಹತ್ತು ಬಾಧೆ ಹೆಸರು ಹೇಳೂ ಮುಂದ ಒಂದೊಂದಕ್ಕ ಒಂದೊಂದು ಹನಿ ರಸ ಬಟ್ಟಲಿಂದ ತಗೀತಾರ, ವೈರಿ ಸತ್ತ ನೋವಿಗೆ ನಮ್ಮ ಸಂತೋಷ ಅಷ್ಟು ಕಡಿಮಿ ಆಗಲಿ ಅಂತ. ಇನ್ನ ಕಥಿ ಶುರು ಮಾಡೂ ಹೊತ್ತಿಗೇ ಒಂದು ಕರೆ ಐತಿ, ಹಸಿದಾವ್ರು ಯಾರಿದ್ರೂ ಬಂದು ಉಣ್ರಿ ಅಂತ.

ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಮಲಿದಾ ಮಾಡ್ತಾರ. ನಮ್ಮಲ್ಲಿ ಮೊಹರಂದಾಗ ಮಾಡೂ ಮಲಿದಾ ಅಲ್ಲ ಮತ್ತ, ಇದು ಅವಲಕ್ಕಿದು. ತೋಯಿಸಿದ ಅವಲಕ್ಕಿಗೆ ಕಾಯಿತುರಿ, ಸಕ್ರಿ, ಏಲಕ್ಕಿ ಕೂಡಿಸಿ, ಜೋಡಿ ಹಣ್ಣು ಇಟ್ಟು, ಪ್ರವಾದಿ ಎಲೀಯನ ಹೆಸರಿನಾಗ ಪ್ರಾರ್ಥನಿ ಹೇಳಿ ಎಲ್ಲಾರೂ ತಿಂತಾರ. ದ್ರಾಕ್ಷಾರಸದ ಬದಲಿಗೆ ಒಣದ್ರಾಕ್ಷಿ ನೆನಸಿ ಮಾಡಿದ ಶರಬತ್ತು.

ಪ್ರಶ್ನೆ: ನಾವು ಬ್ಯಾರೆ ಧರ್ಮದವ್ರು. ಇಂಥಾ ಊಟಕ್ಕ ಕರದ್ರ ಹೋಗಬಹುದಾ? ಏನು ಒಯ್ಯಬೇಕು?
— ಓದುಗರು, ಹುಬ್ಬಳ್ಳಿ

ಉತ್ತರ: ಧಾರಾಳ ಹೋಗ್ರಿ. ಯಹೂದಿ ಮನಿಗೆ ಹೋಗೂದಾದ್ರ ಮನ್ಯಾಗ ಮಾಡಿದ ತಿಂಡಿ ಒಯ್ಯಬ್ಯಾಡ್ರಿ, ಅವರ ಆಹಾರದ ನಿಯಮ ಭಾಳ ಸೂಕ್ಷ್ಮ. ಹೂವು ಒಯ್ದ್ರ ಸಾಕು, ಅದೂ ಸಬ್ಬತ್ತು ಶುರು ಆಗೂ ಮುಂಚೆ ಕೊಡ್ರಿ. ಚರ್ಚಿನಾಗ ರೊಟ್ಟಿ-ಬಟ್ಟಲು ಸಾಮಾನ್ಯ ದೀಕ್ಷಾಸ್ನಾನ ಆಗಿ ಕ್ರೈಸ್ತರಾದವ್ರಿಗೆ, ನಿಮ್ಮ ಜಾಗಾದಾಗ ಸುಮ್ಮನ ಕುಂತಿದ್ರ ಯಾರೂ ತಪ್ಪು ತಿಳಿಯಂಗಿಲ್ಲ. ಕ್ಯಾಥೋಲಿಕರ ಪರಮಪ್ರಸಾದಕ್ಕೂ ಹಿಂಗ, ಅದು ನೀವು ಗುಡಿಯಾಗ ಕೈ ಒಡ್ಡಿ ಇಸ್ಕೊಳ್ಳೂ ಪ್ರಸಾದದಂಗ ಎಲ್ಲಾರಿಗೂ ಅಂತ ತಿಳದು ಮುಂದ ಹೋಗಬ್ಯಾಡ್ರಿ. ಆರಾಧನೆ ಆದ ಮ್ಯಾಲೆ ಸಭೆಯವ್ರು ಕೂಡಿ ಉಣ್ಣೂ ಪ್ರೀತಿಭೋಜನ ಮಾತ್ರ ಎಲ್ಲಾರಿಗೂ.

ಒಂದು ಮಾತು ಹೇಳಲೇಬೇಕು. ಕೆಲವು ವರ್ಷದ ಹಿಂದ ಒಂದು ಸಭೆಯ ಪ್ರೀತಿಭೋಜನದಾಗ ಕಮಿಟಿಯವ್ರಿಗೆ ಬ್ಯಾರೆ ಟೇಬಲ್, ಹೂವಿನ ಬಟ್ಟಿ ಹಾಸಿದ್ದು, ಬೆಳಿಗ್ಗೆಯಿಂದ ಕಂಪೌಂಡ್ ಕಸ ಹೊಡದ ಇಬ್ಬರು ಹೆಣ್ಮಕ್ಕಳು ಪಾತ್ರೆ ತೊಳಿಯೂ ನಳದ ಕಡೆ ನಿಂತಿದ್ರು. ನನ್ನ ತಾಟು ಕೈಯಾಗಿತ್ತು, ತುತ್ತು ಇಳೀಲಿಲ್ಲ. ಸಿದ್ಧಾರೂಢ ಮಠದ ದಾಸೋಹದಾಗ ಕುಂತು ಉಂಡಾವ್ರಿಗೆ ಗೊತ್ತೈತಿ, ಅಲ್ಲಿ ಪಕ್ಕದಾಗ ಯಾರು ಕುಂತಾರ ಅಂತ ಯಾರೂ ಕೇಳಂಗಿಲ್ಲ. ಆವತ್ತ ನಾನು ತಾಟು ಇಟ್ಟು, ಅವರಿಬ್ಬರನ್ನ ಕರಕೊಂಡು ಬಂದು ನಮ್ಮ ಸಾಲಿನಾಗ ಕುಂಡ್ರಿಸಿಕೊಂಡೆ. ಒಬ್ಬಾಕಿ ಮೊದಲ ಭಾಳ ನಾಚಿಕೊಂಡ್ಲು, ಆಮ್ಯಾಲೆ ಅನ್ನ ಎರಡ ಸಲ ಹಾಕಿಸ್ಕೊಂಡ್ಲು. ನೀವು ಹೋದಾಗ ಬಾಗಲದಾಗ ಯಾರಾದ್ರೂ ನಿಂತಿದ್ರ ನಿಮ್ಮ ಪಕ್ಕದಾಗ ಸ್ವಲ್ಪ ಸರದು ಜಾಗಾ ಮಾಡ್ರಿ.