ಬ್ಯಾಸಗಿ ಬಿಸಲಾಗ ಲಾರಿ: ನೀವು ಕೇಳಿದ್ದು, ಬಲ್ಲವರು ಹೇಳಿದ್ದು

ಸೊಲ್ಲಾಪುರದಿಂದ ಹುಬ್ಬಳ್ಳಿಗೆ ಗಾಡಿ ಹೊಡೀತೇನ್ರಿ. ವಿಜಯಪುರ ದಾಟಿ ಕೊಲ್ಹಾರ ಬರೋದ್ರಾಗ ತಲಿ ಸಿಡೀತೈತಿ, ಮೀನಖಂಡ ಹಿಡ್ಕೊಂತೈತಿ. ನೀರಂತೂ ಬಾಟಲಿಗಟ್ಟಲೆ ಕುಡೀತೇನಿ. ಆದ್ರೂ ಯಾಕ ಹಿಂಗ?
— ಲಾರಿ ಚಾಲಕ, ಇಂಡಿ

ಬರೀ ನೀರು ಕುಡಿಯುವುದೇ ಇದಕ್ಕೆ ಅರ್ಧ ಕಾರಣ. ಬೆವರಿನ ಜತೆ ಉಪ್ಪೂ ಹೋಗುತ್ತದೆ. ಹೋದ ಉಪ್ಪನ್ನು ತುಂಬದೆ ನೀರನ್ನಷ್ಟೇ ಸುರಿದರೆ ರಕ್ತದಲ್ಲಿ ಉಳಿದ ಉಪ್ಪೂ ತೆಳುವಾಗಿ ಸ್ನಾಯು ಸೆಟೆಯುತ್ತದೆ, ತಲೆ ನೋಯುತ್ತದೆ. ಬಾಯಾರುವವರೆಗೆ ಕಾದು ಒಮ್ಮೆಲೇ ಒಂದು ಲೀಟರ್ ಏರಿಸುವ ಬದಲು 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 200ರಿಂದ 250 ಮಿ.ಲೀ. ಕುಡಿಯಿರಿ. ಎಷ್ಟೇ ದಾಹವಾದರೂ ತಾಸಿಗೆ ಒಂದೂವರೆ ಲೀಟರ್ ಮೀರಬೇಡಿ.

ಮೈ ತೊಯ್ಯುವಷ್ಟು ಬೆವರಿದ ದಿನ ಒಂದು ಲೀಟರ್ ಓಆರ್‌ಎಸ್ ಜತೆಗಿರಲಿ. ಪುಡಿ ಅಳೆಯುವಾಗ ಅಂದಾಜು ಬೇಡ; ಒಂದು ಲೀಟರಿನ ಪಾಕೀಟನ್ನು ಪೂರ್ತಿ ಒಂದು ಲೀಟರಿಗೇ ಹಾಕಬೇಕು. ಪಾಕೀಟು ಸಿಗದಿದ್ದರೆ ಲೀಟರ್ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಲಸಿದ್ದನ್ನು 24 ತಾಸಿನ ಮೇಲೆ ಇಟ್ಟುಕೊಳ್ಳಬಾರದು. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಎರಡೂ ಒಳ್ಳೆಯವೇ. ಇಂಡಿಯವರಿಗೆ ನಿಂಬೆಹಣ್ಣಿನ ಬಗ್ಗೆ ನಾವು ಹೇಳುವುದೇನಿದೆ, ಶರಬತ್ತಿಗೆ ಚಿಟಿಕೆ ಉಪ್ಪು ಮರೆಯಬೇಡಿ ಅಷ್ಟೆ. ಬಿಪಿ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು ಉಪ್ಪು ಸಕ್ಕರೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಂಡೇ ಹೊರಡಬೇಕು.

ಮೂತ್ರಕ್ಕೆ ಗಾಡಿ ನಿಲ್ಲಿಸಬೇಕಾಗುತ್ತದೆಂದು ನೀರು ಕಡಿಮೆ ಮಾಡುವ ಚಾಳಿ ಬಹಳ ಮಂದಿಗಿದೆ. ಮೂತ್ರ ಗಾಢ ಹಳದಿ ಆಗಿದ್ದರೆ ಆಗಲೇ ನೀರು ಸಾಲದಾಗಿದೆ ಎಂದರ್ಥ. ಇನ್ನು ಮೀನಖಂಡ ಹಿಡಿದ ಕಾಲಿನಿಂದ ಬ್ರೇಕ್ ತುಳಿಯುವ ಸಾಹಸ ಬೇಡ. ಗಾಡಿ ಬದಿಗೆ ಹಚ್ಚಿ ನೆರಳಿಗೆ ಇಳಿದು, ಕಾಲು ನೀಡಿ ಪಾದದ ಬೆರಳುಗಳನ್ನು ನಿಮ್ಮ ಕಡೆ ಎಳೆದು ಹಿಡಿಯಿರಿ. ಒಂದು ತಾಸಾದರೂ ಬಿಡದಿದ್ದರೆ ದವಾಖಾನೆಗೆ ಹೋಗಿ.

ತಾಡಪತ್ರಿ ಕಟ್ಟಿ ಇಳಿದ ಕ್ಲೀನರ್ ಹುಡುಗ ಏನೇನೋ ಬಡಬಡಿಸಾಕತ್ತಿದ್ರ, ಮೈ ಕಾದ ಹಂಚಿನಂಗಿದ್ರ, ನೀರು ಕುಡಿಸಿ ಮಲಗಿಸಿದ್ರ ಸಾಕೇನ್ರಿ?
— ಲಾರಿ ಮಾಲಕ, ಮುಧೋಳ

ಸಾಲದು. ಅದು ಹೀಟ್ ಸ್ಟ್ರೋಕ್. ಮೈಯ ಒಳಗಿನ ಶಾಖ 40 ಡಿಗ್ರಿ ಮುಟ್ಟಿ ಮಿದುಳಿಗೆ ಪೆಟ್ಟು ಬೀಳುತ್ತಿರುತ್ತದೆ. ‘ಇನ್ನೂ ಬೆವರ್ತಾನಲ್ಲ, ಏನಾಗೂದಿಲ್ಲ’ ಎಂಬ ಮಾತನ್ನು ನಂಬಬೇಡಿ. ದುಡಿಯುತ್ತಿರುವಾಗಲೇ ಬಿದ್ದವರಿಗೆ ಬೆವರು ಹರಿಯುತ್ತಲೇ ಇರಬಹುದು. ನೋಡಬೇಕಾದ್ದು ಬುದ್ಧಿ ನೆಟ್ಟಗಿದೆಯೇ ಎಂಬುದನ್ನು. ಹೆಸರೇನು, ಮಾಲು ಎಲ್ಲಿ ತುಂಬಿದೆವು ಎಂದು ಕೇಳಿ. ಉತ್ತರ ತಡವರಿಸಿದರೆ, ನಡೆ ತೂರಾಡಿದರೆ ತಕ್ಷಣ 108ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ. ಕಿಲೋಮೀಟರ್ ಕಲ್ಲಿನ ಅಂಕಿ ನೋಡಿ ಹೇಳಿದರೆ ಅವರಿಗೆ ಜಾಗ ಬೇಗ ಸಿಗುತ್ತದೆ.

ಅಂಬ್ಯುಲೆನ್ಸ್ ಬರುವವರೆಗೆ ಕೈಕಟ್ಟಿ ಕೂರುವಂತಿಲ್ಲ. ನೆರಳಿಗೆ ಒಯ್ದು ಅಂಗಿ, ಬೂಟು ಕಳಚಿ, ಕ್ಯಾನಿನ ನೀರನ್ನೆಲ್ಲ ಮೈಮೇಲೆ ಸುರಿಯಿರಿ. ರಟ್ಟೋ ಟವೆಲ್ಲೋ ಹಿಡಿದು ಬಿಡದೆ ಗಾಳಿ ಬೀಸಿ. ಒದ್ದೆ ಮೈಗೆ ಗಾಳಿ ತಾಗಿದಾಗಲೇ ಶಾಖ ಇಳಿಯುವುದು. ಧಾಬಾದ ಐಸು, ಇಲ್ಲವೇ ತಣ್ಣಗಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ವಾಂತಿಯಾದರೆ ಮಗ್ಗುಲಾಗಿ ಮಲಗಿಸಿ. ಇದು ಸೋಂಕಿನ ಜ್ವರವಲ್ಲವಾದ್ದರಿಂದ ಜ್ವರದ ಗುಳಿಗೆ ಉಪಯೋಗಕ್ಕೆ ಬಾರದು. ಕಾದ ಕ್ಯಾಬಿನ್ನಿನಲ್ಲಿ ಹಾಕಿಕೊಂಡು ಊರ ಕಡೆ ಓಡಿಸುವುದಂತೂ ದೊಡ್ಡ ತಪ್ಪು. ಮೊದಲು ತಂಪು, ಆಮೇಲೆ ಸಾಗಾಟ.

ಮಾಲಕರಿಗೆ ಇನ್ನೊಂದು ಮಾತು. ಬಿಸಿಲಿನ ಕೆಲಸಕ್ಕೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಹೊಸದಾಗಿ ಸೇರಿದ, ಅಥವಾ ರಜೆ ಮುಗಿಸಿ ಬಂದ ಹುಡುಗನಿಗೆ ಮೊದಲ ದಿನವೇ ಮಟಮಟ ಮಧ್ಯಾಹ್ನ ತಾಡಪತ್ರಿ ಎಳೆಯಲು ಹಚ್ಚಬೇಡಿ. ಹಗ್ಗದ ಕೆಲಸ ಬೆಳಗ್ಗೆಯೋ ಸಂಜೆಯೋ ಆಗಲಿ.

ಟೈರ್ ಕಾದಾಗ ಹತ್ತು ಪೌಂಡ್ ಗಾಳಿ ಬಿಟ್ರ ಒಡಿಯಂಗಿಲ್ಲ ಅಂತಾರ. ಖರೇನ?
— ಟಿಪ್ಪರ್ ಚಾಲಕ, ಹುನಗುಂದ

ಸುಳ್ಳು. ಹಾಗೆ ಮಾಡಿದರೆ ಒಡೆಯುವ ಸಂಭವ ಇನ್ನೂ ಹೆಚ್ಚು. 110 ಪೌಂಡ್ ತುಂಬಿದ ಟೈರಿನೊಳಗಿನ ಗಾಳಿ 10 ಡಿಗ್ರಿ ಕಾದರೆ ಒತ್ತಡ ಸುಮಾರು 4 ಪೌಂಡ್ ಏರುತ್ತದೆ. ಈ ಏರಿಕೆಯನ್ನು ಲೆಕ್ಕ ಹಿಡಿದೇ ಟೈರ್ ಮಾಡಿರುತ್ತಾರೆ. ಗಾಳಿ ಕಡಿಮೆಯಾದರೆ ಪಕ್ಕದ ಗೋಡೆ ಸುತ್ತು ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ. ಟೈರನ್ನು ಒಳಗಿಂದ ಬೇಯಿಸುವುದು ಆ ಮಡಚಾಟ. ಗಾಳಿ ನೋಡಬೇಕಾದ್ದು ಗಾಡಿ ಮೂರು ತಾಸಾದರೂ ನಿಂತ ಮೇಲೆ, ಬೆಳಗಿನ ತಂಪಿನಲ್ಲಿ. ಪ್ರಮಾಣಕ್ಕೆ ಟೈರಿನ ಅಳತೆ, ಹೊರೆ ಹೇಳುವ ಕಂಪನಿಯ ಪಟ್ಟಿ ನೋಡಿ.

ಹಿಂದಿನ ಜೋಡಿಯಲ್ಲಿ ಮೋಸ ಹೋಗುವುದು ಒಳಗಿನ ಟೈರಿನಿಂದ. ಅದರ ವಾಲ್ವಿಗೆ ಕೈ ಹೋಗದೆಂದು ಯಾರೂ ನೋಡುವುದಿಲ್ಲ. ಅದರ ಗಾಳಿ ಇಳಿದರೆ ಹೊರಗಿನದು ಇಬ್ಬರ ಹೊರೆ ಹೊತ್ತು ಸಾಯುತ್ತದೆ. ಚಹಾಕ್ಕೆ ನಿಲ್ಲಿಸಿದಾಗ ಕೈ ತೀರ ಹತ್ತಿರ ಒಯ್ದು ನೋಡಿ: ಒಂದು ಮಾತ್ರ ಜೋಡಿಗಿಂತ ಬಹಳ ಕಾದಿದ್ದರೆ ಅದರ ಗಾಳಿ ಪರೀಕ್ಷಿಸಿ, ಎರಡೂ ಸುಡುತ್ತಿದ್ದು ಡ್ರಮ್ಮೂ ಕಾದಿದ್ದರೆ ಬ್ರೇಕ್ ಹಿಡಿದಿರಬಹುದು. ಕಾದ ಡ್ರಮ್ಮಿಗೆ ಮಾತ್ರ ನೀರು ಎರಚಬೇಡಿ, ಸೀಳುತ್ತದೆ.

ಹೀಟಿನ ಮುಳ್ಳು ಏರಿದಾಗ ಮೊದಲು ಏನು ಮಾಡಬೇಕು?
— ಚಾಲಕ, ಬೈಲಹೊಂಗಲ

ಎಕ್ಸಲೇಟರ್ ಇಳಿಸಿ, ಎಸಿ ಬಂದ್ ಮಾಡಿ, ಕ್ಯಾಬಿನ್ ಹೀಟರ್ ಇದ್ದರೆ ಜೋರಾಗಿ ಹಚ್ಚಿ. ನಿಮಗೆ ಬೆವರಿಳಿದರೂ ಇಂಜಿನ್ನಿನ ಶಾಖ ಒಂದಿಷ್ಟು ಹೊರಬೀಳುತ್ತದೆ. ಮುಳ್ಳು ಕೆಂಪಿನಲ್ಲೇ ಇದ್ದರೆ ನಿಲ್ಲಿಸಿ ಬಂದ್ ಮಾಡಿ. ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ, ಮುಚ್ಚಳ ಸಡಿಲಿಸಿದ ಕ್ಷಣ ಮುಖಕ್ಕೆ ಉಕ್ಕುತ್ತದೆ. ಕಬ್ಬಿನ ರವದಿ, ಹತ್ತಿಯ ಎಳೆ ಇಂಟರ್‌ಕೂಲರ್ (ಇಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಜಾಲರಿ) ಮತ್ತು ರೇಡಿಯೇಟರ್ ನಡುವೆ ತುಂಬಿಕೊಂಡಿದೆಯೇ ನೋಡಿ, ಇಂಜಿನ್ ತಣಿದ ಮೇಲೆ ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಯಿರಿ. ಬೋರಿನ ಗಡಸು ನೀರು ತುಂಬುತ್ತ ಹೋದರೆ ನಳಿಗೆಯೊಳಗೆ ಸುಣ್ಣ ಕಟ್ಟುತ್ತದೆ.

ಕಿಸೆದಾಗ ಉಳ್ಳಾಗಡ್ಡಿ ಇಟ್ಕೊಂಡ್ರ ಬಿಸಿಲು ಬಡಿಯೂದಿಲ್ಲಂತ?
— ಬೀಳಗಿ

ರೊಟ್ಟಿಯ ಜತೆ ತಿನ್ನಿ. ಕಿಸೆಯಲ್ಲಿಟ್ಟರೆ ಕಿಸೆ ನಾರುತ್ತದೆ.

ಎಸಿ ಕ್ಯಾಬಿನ್ ಕಡ್ಡಾಯ ಆಗೈತಲ್ಲ, ನನ್ನ ಹಳೇ ಗಾಡಿಗೂ ಹಾಕಸಬೇಕೇನ್ರಿ?
— ಲಾರಿ ಮಾಲಕ, ವಿಜಯಪುರ

ಕಡ್ಡಾಯವಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾದ, ಒಟ್ಟು ತೂಕ 3.5 ಟನ್ ಮೀರಿದ ಸರಕು ಗಾಡಿಗಳಿಗೆ ಆ ನಿಯಮ. ಹಳೇ ಗಾಡಿಯಲ್ಲಿ ಬರೀ ಫ್ಯಾನ್ ನೆಚ್ಚಬೇಡಿ: 40 ಡಿಗ್ರಿ ಮೇಲೆ ಅದು ಬಿಸಿಗಾಳಿಯನ್ನೇ ಮೈಗೆ ಹೊಡೆಯುತ್ತದೆ. ಒದ್ದೆ ಟವೆಲ್ ಕುತ್ತಿಗೆಗೆ ಸುತ್ತಿಕೊಂಡರೆ ಅದೇ ಗಾಳಿ ತಂಪಾಗುತ್ತದೆ. 12ರಿಂದ 3ರವರೆಗೆ ಗಾಡಿ ನಿಲ್ಲುವಂತೆ ಬಾಡಿಗೆಯ ವೇಳೆ ಗೊತ್ತು ಮಾಡಿ. 2025ರ ನವೆಂಬರ್‌ನಲ್ಲಿ ರದ್ದಾಗುವವರೆಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೂ ಐದು ತಾಸು ದುಡಿದವನಿಗೆ ಅರ್ಧ ತಾಸಾದರೂ ವಿಶ್ರಾಂತಿ ಕೊಡಬೇಕೆಂದು ಹೇಳುತ್ತಿತ್ತು. ಆ ಹೊತ್ತಿನಲ್ಲಿ ನೆರಳೆಂದು ಲಾರಿಯ ಕೆಳಗೆ ಮಲಗಬಾರದು. ಬೇವಿನ ಮರವೋ ಧಾಬಾದ ಚಪ್ಪರವೋ ಇರುವಲ್ಲೇ ಗಾಡಿ ಹಚ್ಚಲು ಚಾಲಕನಿಗೆ ಹೇಳಿ.