ಓದುಗರ ಪ್ರಶ್ನೆಗೆ ಉತ್ತರ: ಬೇಳೆಸಾರಿನಲ್ಲಿ ಒಣಮೀನಿನ ವಾಸನೆ

ಪ್ರಶ್ನೆ: ನಮ್ಮ ಮಗಳು ಒಸಾಕಾದಲ್ಲಿ ಉದ್ಯೋಗದಲ್ಲಿದ್ದಾಳೆ. ಕಳೆದ ಬಾರಿ ನಾವು ಹೋಗಿದ್ದಾಗ, ಹತ್ತು ಜನ ಕೂರಲಾರದಷ್ಟು ಚಿಕ್ಕದಾದ ಕರಿ ಹೋಟೆಲೊಂದಕ್ಕೆ ಕರೆದೊಯ್ದಳು. ಅಲ್ಲಿಯ ಬೇಳೆಸಾರಿಗೆ ಸಾಸಿವೆ, ಕರಿಬೇವಿನ ಒಗ್ಗರಣೆ ಬಿದ್ದಿತ್ತು. ಆದರೆ ಒಣಮೀನಿನ ವಾಸನೆ ಬಂದುದರಿಂದ ಶಾಕಾಹಾರಿಗಳಾದ ನಾವು ಬರಿಯ ಅನ್ನವನ್ನು ಉಂಡು ಎದ್ದೆವು. ಇದು ನಮ್ಮ ಅಡುಗೆಯೋ, ಅವರದೋ? ಮುಂದೆ ಹೋದಾಗ ಏನೆಂದು ವಿಚಾರಿಸಬೇಕು?
(ಓದುಗರೊಬ್ಬರು, ಬದಿಯಡ್ಕ)

ಉತ್ತರ: ತಮ್ಮ ಸಂಶಯ ಸರಿಯಾಗಿಯೇ ಇದೆ. ಅದು ‘ದಾಶಿ’ ಎಂಬ ಕಟ್ಟಿನ ವಾಸನೆಯಾಗಿರಬೇಕು. ನಮ್ಮ ಪೇಟೆಯಲ್ಲಿ ‘ಚೂರ’ ಎನ್ನುವ ಮೀನಿನ ಜಾತಿಯದೊಂದನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಮರದ ತುಂಡಿನಂತೆ ಗಟ್ಟಿಯಾಗುವ ತನಕ ಒಣಗಿಸಿ, ಅದನ್ನು ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ಸೋಸಿಕೊಳ್ಳುತ್ತಾರೆ. ಅದೇ ನೀರಿನಲ್ಲಿ ಬಹುಮಟ್ಟಿಗೆ ‘ಕೊಂಬು’ ಎಂಬ ಕಡಲಪಾಚಿಯ ಸಾರವೂ ಇರುತ್ತದೆ. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ‘ಮಾಸ್’ ಎಂಬ ಒಣಮೀನನ್ನು ತಯಾರಿಸುವ ಕ್ರಮವೂ ಹೆಚ್ಚುಕಡಿಮೆ ಹೀಗೆಯೇ ಇದೆ.

ಯಾರ ಅಡುಗೆ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕಾಗುತ್ತದೆ. ಜಪಾನಿಗೆ ಕರಿ ಮೊದಲು ಬಂದದ್ದು ಬ್ರಿಟಿಷರ ಮೂಲಕ. 1872ರಲ್ಲಿ ಅಲ್ಲಿ ಅಚ್ಚಾದ ಅಡುಗೆ ಪುಸ್ತಕಗಳಲ್ಲಿಯೇ ಗೋಧಿಹಿಟ್ಟು ಬೆರೆಸಿ ಮಂದ ಮಾಡುವ ಕ್ರಮ ಕಾಣಿಸುತ್ತದೆ. ನಾವು ತೆಂಗಿನಕಾಯಿ ಅರೆದು ತರುವ ದಪ್ಪವನ್ನು ಅವರು ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದು ತಂದರು. ನೇರವಾಗಿ ಭಾರತದಿಂದ ಹೋದ ಧಾರೆ ಬೇರೆಯೇ ಇದೆ. 1915ರಲ್ಲಿ ಬ್ರಿಟಿಷರ ಕಣ್ಣು ತಪ್ಪಿಸಿ ಜಪಾನ್ ಸೇರಿದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸರು ತಮಗೆ ಆಶ್ರಯವಿತ್ತ ಟೋಕಿಯೋದ ‘ನಕಮುರಾಯಾ’ ಎಂಬ ಬೇಕರಿಯ ಒಡೆಯರ ಮಗಳನ್ನೇ ವಿವಾಹವಾದರು, ಮತ್ತು ಅವರ ಅಂಗಡಿಯಲ್ಲಿ 1927ರಿಂದ ಭಾರತೀಯ ರೀತಿಯ ಕೋಳಿ ಕರಿ ಬಡಿಸಲಾರಂಭಿಸಿತು. ತಿರುವನಂತಪುರದ ಕಡೆಯ ಎ. ಎಂ. ನಾಯರ್ ಅವರು 1949ರಲ್ಲಿ ಟೋಕಿಯೋದ ಗಿಂಜಾದಲ್ಲಿ ಹೋಟೆಲು ತೆರೆದರು. ಈಗ ನಾವು ಬದುಕುವ ರಾಜ್ಯದಿಂದಲೇ ಹೋದವರೊಬ್ಬರ ಕೈ ಇದರಲ್ಲಿದೆ ಎಂಬುದು ಕಾಸರಗೋಡಿನ ನಮಗೆ ಸಂತೋಷದ ಸಂಗತಿಯೇ ಸರಿ.

ಒಸಾಕಾದ ಚಿಕ್ಕ ಹೋಟೆಲುಗಳವರು ಹಿಟ್ಟನ್ನು ಕೈಬಿಟ್ಟು, ಇಡೀ ಜೀರಿಗೆ, ಸಾಸಿವೆ, ಏಲಕ್ಕಿಗಳನ್ನು ಎಣ್ಣೆಯಲ್ಲಿ ಹುರಿದು, ತಮ್ಮ ದಾಶಿಯನ್ನು ಸೇರಿಸುತ್ತಾರೆ. ಇದನ್ನು ಕಲಬೆರಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಎರಡು ಕಡೆಯ ಕ್ರಮವನ್ನೂ ಬಲ್ಲವರು ಮಾಡಿದ ಸಾರಿನಲ್ಲಿ ಒಗ್ಗರಣೆಯ ಘಮ ಮೊದಲು ಬರುತ್ತದೆ, ದಾಶಿಯ ರುಚಿ ನಾಲಗೆಯ ಮೇಲೆ ಆಮೇಲೂ ನಿಲ್ಲುತ್ತದೆ. ಅದು ಅವರದೇ ಅಡುಗೆ ಎಂದು ನಾನು ಭಾವಿಸುತ್ತೇನೆ.

ಆದರೆ ಶಾಕಾಹಾರಿಗಳು ಎಚ್ಚರದಿಂದಿರಲೇಬೇಕು. ‘ತರಕಾರಿ ಕರಿ’ ಎಂದು ಬರೆದಿದ್ದರೂ ಕಟ್ಟು ಮೀನಿನದೋ ಮಾಂಸದ್ದೋ ಆಗಿರಬಹುದು; ಅಂಗಡಿಯಲ್ಲಿ ಸಿಗುವ, ನೀರಿನಲ್ಲಿ ಕರಗಿಸುವ ಅನೇಕ ಸಿದ್ಧ ಕರಿ ಮಸಾಲೆಯ ತುಂಡುಗಳಲ್ಲಿ ದನದ ಅಥವಾ ಹಂದಿಯ ಕೊಬ್ಬಿರುತ್ತದೆ. ಆದ್ದರಿಂದ ಮಾಂಸ ಬೇಡವೆಂದಷ್ಟೇ ಹೇಳದೆ, ಮೀನಿನ ದಾಶಿಯೂ ಪ್ರಾಣಿಗಳ ಕೊಬ್ಬೂ ಬೇಡವೆಂದು ಮಗಳಿಂದ ಜಪಾನಿಯಲ್ಲಿ ಬರೆಸಿಕೊಂಡು, ಕೂರುವ ಮೊದಲೇ ತೋರಿಸಿರಿ. ಚಿಕ್ಕ ಹೋಟೆಲಿನಲ್ಲಿ ಕಟ್ಟನ್ನು ಬೆಳಗ್ಗೆಯೇ ಕುದಿಸಿಡುವುದರಿಂದ ಆ ಹೊತ್ತಿಗೆ ಬದಲಿಸಲು ಅವರಿಗೆ ಸಾಧ್ಯವಾಗದೆ ಹೋಗಬಹುದು. ಹಿಂದಿನ ದಿನವೇ ವಿಚಾರಿಸುವುದು ಮೇಲು.

ಪ್ರಶ್ನೆ: ಮೀನಿಲ್ಲದೆ ಇಂಥ ಸಾರನ್ನು ಮನೆಯಲ್ಲಿ ಮಾಡಬಹುದೇ?
(ಓದುಗರೊಬ್ಬರು, ಮಂಜೇಶ್ವರ)

ಉತ್ತರ: ಧಾರಾಳವಾಗಿ ಮಾಡಬಹುದು. ಕೊಂಬುವಿನ ರುಚಿಗೆ ಗ್ಲುಟಮೇಟ್ ಎಂಬ ರಾಸಾಯನಿಕ ವಸ್ತು ಕಾರಣವೆಂದು 1908ರಲ್ಲಿ ರಸಾಯನಶಾಸ್ತ್ರಜ್ಞ ಕಿಕುನೇ ಇಕೆಡಾ ಕಂಡುಕೊಂಡರು. ಒಣಗಿದ ಶಿಟಾಕೆ ಅಣಬೆಯ ಸಾರ ಕೂಡಿದರೆ ಆ ರುಚಿ ಇನ್ನೂ ಹೆಚ್ಚುತ್ತದೆ. ಎರಡನ್ನೂ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಬೆಳಗ್ಗೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿದೊಡನೆ ಕೊಂಬುವನ್ನು ತೆಗೆಯಬೇಕು. ಕುದಿಸಿದರೆ ಲೋಳೆಯಾಗಿ ಕಹಿ ಬಿಡುತ್ತದೆ. ನುಣ್ಣಗೆ ಬೆಂದ ತೊಗರಿಬೇಳೆಗೆ ಈ ಕಟ್ಟನ್ನು ಸೋಸಿ ಸೇರಿಸಿ, ಸ್ವಲ್ಪ ಸೋಯಾ ಸಾಸ್ ಹಾಕಿ, ಉಪ್ಪನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಿರಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಸಾಕು. ಕಾಯಿ ಅರೆದು ಹಾಕಿದರೆ ಕಟ್ಟಿನ ರುಚಿ ಮುಚ್ಚಿಹೋಗುತ್ತದೆ. ಇದಕ್ಕೆ ಕುಚ್ಚಲಕ್ಕಿಗಿಂತ ತುಸು ಮೆತ್ತಗೆ ಬೇಯಿಸಿದ ಬೆಳ್ತಿಗೆ ಅನ್ನವೇ ಹೊಂದುತ್ತದೆ.