ಕೀಲಿನೊಳಗೆ ಕಂಡ ಕಿತ್ತಳೆ ಬಣ್ಣ

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಎರಡು ವರ್ಷದಿಂದ ರುಮಟಾಯ್ಡ್ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುತ್ತಿದ್ದೇನೆ. ಈಗ ನೋವಿಲ್ಲ. ಬೆಳಗ್ಗೆ ಬೆರಳು ಬಿಗಿಯುವುದೂ ನಿಂತಿದೆ. ರಕ್ತ ಪರೀಕ್ಷೆ, ಎಕ್ಸ್‌ರೇ ಎರಡೂ ಸರಿ ಇವೆ. ಮಾತ್ರೆ ನಿಲ್ಲಿಸಲಾ ಅಂತ ಕೇಳಿದ್ದಕ್ಕೆ ನಮ್ಮ ಡಾಕ್ಟರು ಮಣಿಕಟ್ಟಿನ ಸ್ಕ್ಯಾನಿಂಗ್ ಮಾಡಿದರು. ಅದರಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳಿದ್ದವು. ‘ಇನ್ನೂ ರಕ್ತ ಓಡಾಡ್ತಿದೆ, ನಿಲ್ಲಿಸಬೇಡಿ’ ಅಂದರು. ರಕ್ತ ಓಡಾಡಿದರೆ ಒಳ್ಳೆಯದಲ್ವಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಎಲ್ಲ ಕಡೆಯೂ ಅಲ್ಲ ತಾಯಿ. ಕೀಲಿನ ಒಳಗೆ ಒಂದು ತೆಳ್ಳನೆಯ ಪೊರೆ ಇರುತ್ತದೆ. ಕೀಲಿಗೆ ಬೇಕಾದ ಜಿಗುಟು ನೀರನ್ನು ಒದಗಿಸುವುದು ಅದರ ಕೆಲಸ. ಆರೋಗ್ಯವಾಗಿರುವ ಪೊರೆಯಲ್ಲಿ ರಕ್ತ ಎಷ್ಟು ಕಡಿಮೆ ಎಂದರೆ ಸ್ಕ್ಯಾನಿಂಗ್‌ನಲ್ಲಿ ಬಣ್ಣ ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ನಿಮ್ಮ ಕಾಯಿಲೆಯಲ್ಲಿ ದೇಹದ ಕಾವಲು ಕಣಗಳೇ ಆ ಪೊರೆಗೆ ನುಗ್ಗುತ್ತವೆ. ಪೊರೆ ದಪ್ಪವಾಗುತ್ತದೆ. ಅಷ್ಟು ಕಣಗಳಿಗೆ ಆಮ್ಲಜನಕ ಸಾಲುವುದಿಲ್ಲ. ಆಗ ಅವು ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಅದರ ಪ್ರಭಾವದಿಂದ ಹತ್ತಿರದ ರಕ್ತನಾಳಗಳು ಹೊಸ ಕವಲೊಡೆಯುತ್ತವೆ. ಈ ಹೊಸ ನಾಳಗಳು ಗಟ್ಟಿಯಾಗಿರುವುದಿಲ್ಲ, ಸೋರುತ್ತವೆ. ಅದರಿಂದ ಊತ. ಅದೇ ದಾರಿಯಲ್ಲಿ ಇನ್ನಷ್ಟು ಕಾವಲು ಕಣಗಳು ಒಳಗೆ ಬರುತ್ತವೆ. ಪೊರೆ ಇನ್ನೂ ಬೆಳೆದು, ಅಂಚಿನಲ್ಲಿ ಮೂಳೆಯನ್ನೇ ಕೊರೆಯತೊಡಗುತ್ತದೆ.

ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಕೊರೆದ ಮೇಲೆ. ನಮ್ಮಮ್ಮನಿಗೂ ಇದೇ ಕಾಯಿಲೆ ಇತ್ತು. ಮೊದಲ ವರ್ಷ ಎಕ್ಸ್‌ರೇ ಶುದ್ಧವಾಗಿತ್ತು. ‘ಸುಮ್ನೆ ವಾಯು’ ಎಂದು ಎಲ್ಲರೂ ಎಣ್ಣೆ ತಿಕ್ಕಿದರು. ಎಕ್ಸ್‌ರೇಯಲ್ಲಿ ಗುಳಿ ಕಾಣುವ ಹೊತ್ತಿಗೆ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ಚಪಾತಿ ಹಿಟ್ಟು ನಾದಲು ಅವರಿಗೆ ಮತ್ತೆ ಆಗಲೇ ಇಲ್ಲ. ಅದಕ್ಕೇ ಈ ಸ್ಕ್ಯಾನಿಂಗ್ ಬಗ್ಗೆ ನನಗೆ ಅಷ್ಟು ಆಸೆ.

ನಿಮಗೆ ಮಾಡಿದ್ದು ಪವರ್ ಡಾಪ್ಲರ್ ಅಲ್ಟ್ರಾಸೌಂಡ್. ಇಂಜೆಕ್ಷನ್ ಬೇಡ, ಎಕ್ಸ್‌ರೇಯಂಥ ವಿಕಿರಣ ಇಲ್ಲ. ಚಲಿಸುವ ರಕ್ತಕಣಗಳಿಂದ ಮರಳಿ ಬರುವ ಶಬ್ದತರಂಗಕ್ಕೆ ಯಂತ್ರ ಕಿತ್ತಳೆ ಬಣ್ಣ ಬಳಿಯುತ್ತದೆ. ಬಣ್ಣ ಎಷ್ಟಿದೆ ಎಂದು ನೋಡಿ ನಾವು 0ಯಿಂದ 3ರವರೆಗೆ ಅಂಕ ಕೊಡುತ್ತೇವೆ. ಇದಕ್ಕೆ ಕೈ ಪಳಗಿರಬೇಕು. ಕಲಿಯುವಾಗ ನಾನು ಚರ್ಮದ ಮೇಲೆ ಆಡಿಸುವ ಸ್ಕ್ಯಾನಿಂಗ್ ಕಡ್ಡಿಯನ್ನು (ಪ್ರೋಬ್) ಒತ್ತಿ ಹಿಡಿಯುತ್ತಿದ್ದೆ, ಬಣ್ಣ ಮಾಯವಾಗುತ್ತಿತ್ತು. ಆ ನಾಳಗಳು ಅಷ್ಟು ಸಣ್ಣವು, ಒತ್ತಿದರೆ ಮುಚ್ಚಿಹೋಗುತ್ತವೆ. ಈಗ ಜೆಲ್ ಜಾಸ್ತಿ ಹಾಕಿ, ತೇಲಿಸಿದ ಹಾಗೆ ಹಿಡಿಯುತ್ತೇನೆ.

ಹಾಗಂತ ಚುಕ್ಕೆ ಕಂಡ ಕೂಡಲೇ ಔಷಧಿ ಏರಿಸುವುದೂ ಸರಿಯಲ್ಲ. ನಾರ್ವೆಯ ವೈದ್ಯರು ಪ್ರತಿ ಭೇಟಿಯಲ್ಲೂ ಸ್ಕ್ಯಾನ್ ನೋಡಿ ಔಷಧಿ ಏರಿಸಿ ಪರೀಕ್ಷಿಸಿದರು. ಕೈ ಮುಟ್ಟಿ ನೋಡಿ ಚಿಕಿತ್ಸೆ ಕೊಟ್ಟದ್ದಕ್ಕಿಂತ ಹೆಚ್ಚಿನ ಲಾಭ ಸಿಗಲಿಲ್ಲ ಎಂದು 2016ರಲ್ಲಿ ಪ್ರಕಟಿಸಿದರು. ಆದರೆ ನಿಮ್ಮ ಪ್ರಶ್ನೆ ನಿಲ್ಲಿಸುವುದರ ಬಗ್ಗೆ. ಅಲ್ಲಿ ಬಣ್ಣಕ್ಕೆ ಬೆಲೆ ಇದೆ. ನೋವಿಲ್ಲದಿದ್ದರೂ ಬಣ್ಣ ಉಳಿದವರಲ್ಲಿ ಕಾಯಿಲೆ ಮತ್ತೆ ಕೆರಳುವುದು ಹೆಚ್ಚು. ನಾರ್ವೆಯವರೇ 2021ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಒಂದು ವರ್ಷದಿಂದ ಆರಾಮಾಗಿದ್ದವರಲ್ಲಿ ಕೆಲವರಿಗೆ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಒಂದು ವರ್ಷದಲ್ಲಿ ಅವರ ಪೈಕಿ 100ಕ್ಕೆ 25 ಜನರಿಗೆ ಕಾಯಿಲೆ ಕೆರಳಿತು. ಮುಂಚಿನಷ್ಟೇ ತೆಗೆದುಕೊಂಡವರಲ್ಲಿ 6 ಜನರಿಗೆ ಮಾತ್ರ. ಅರ್ಧಕ್ಕೇ ಹೀಗೆ. ನೀವು ಪೂರ್ತಿ ಬಿಡುವ ಮಾತಾಡುತ್ತಿದ್ದೀರಿ, ಅದೂ ಬಣ್ಣ ಇರುವಾಗ. ನಿಮ್ಮ ಡಾಕ್ಟರು ಹೇಳಿದ್ದೇ ಸರಿ.

ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ಇದನ್ನು ಯಾವತ್ತೂ ಮರೆಯಬೇಡಿ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಮುಂದಿನ ಸ್ಕ್ಯಾನಿಂಗ್‌ಗೆ ಹೋಗುವಾಗ ಹಳೆಯ ಚಿತ್ರ ಒಯ್ಯಿರಿ, ಅದೇ ಮಣಿಕಟ್ಟನ್ನು ಹೋಲಿಸಿ ನೋಡಲಿ. ಮಧ್ಯೆ ನೋವಿನ ಮಾತ್ರೆ ನುಂಗಿದ್ದರೆ ಮೊದಲೇ ಹೇಳಿ, ಅದರಿಂದ ಬಣ್ಣ ಕಡಿಮೆ ಕಾಣಬಹುದು.